ಆತಕೂರಿನ ಗೊರವ

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಹಿಡಿದು ಕೂತವನಿಗೆ ಅದನ್ನು ಬಿಟ್ಟು ಏಳುವ ಮನಸ್ಸಾಗಲಿಲ್ಲ.

ಇದು ರೈಸ್ ಸಂಪಾದಿಸಿದ ಶಾಸನ ಸಂಪುಟದಲ್ಲಿ ಮಂಡ್ಯ 41ನೆಯದು, ಕ್ರಿ.ಶ. 949-50ರದು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇದನ್ನು ಓದುವವರಲ್ಲಿ ಎರಡು ಪಂಗಡ. ಒಂದಕ್ಕೆ ಶಾಸನದಲ್ಲಿ ಬರುವ, ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧವೇ ಸರ್ವಸ್ವ. ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಮೋಸದಿಂದ ಕೊಂದನೋ, ಆನೆಯ ಮೇಲೇ ಎದುರಿಸಿ ಕೊಂದನೋ ಎಂದು ವಿದ್ವಾಂಸರು ಕಾದಾಡಿದ್ದೇ ಕಾದಾಡಿದ್ದು. ಇನ್ನೊಂದಕ್ಕೆ ನಾಯಿ ಕಾಳಿಯ ಕಥೆ ಸಾಕು. ಆ ಯುದ್ಧದಲ್ಲಿ ಬೂತುಗನ ಕಡೆಯ ಯೋಧ ಮಣಲೇರನ ಶೌರ್ಯಕ್ಕೆ ಮೆಚ್ಚಿದ ರಾಷ್ಟ್ರಕೂಟ ಕೃಷ್ಣ ಏನು ಬೇಕೆಂದಾಗ ಅವನು ಬೇಡಿದ್ದು ಆ ನಾಯಿಯನ್ನು. ಬೆಳತೂರಿನ ಗುಡ್ಡದಲ್ಲಿ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಕಲ್ಲಿನ ಮೇಲ್ಭಾಗದಲ್ಲಿ ಅದೇ ಕಾಳಗ ಕೆತ್ತಿದೆ.

ಇಲ್ಲಿಗೆ ಎರಡೂ ಪಂಗಡದವರು ಪುಸ್ತಕ ಮುಚ್ಚುತ್ತಾರೆ. ನನ್ನ ಬಹುಕಾಲದ ತಕರಾರು ಇದೇ. ಶಾಸನದ ತಲೆಯಲ್ಲಿ ಅರಸರಿರುತ್ತಾರೆ, ಊರಿನವರು ಸಿಗುವುದು ಬುಡದಲ್ಲಿ. ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಕೊಟ್ಟರೆಂದು ಅಲ್ಲಿ ಬರೆದಿದೆ. ಖಂಡುಗವೆಂದರೆ ಬಿತ್ತನೆಯ ಅಳತೆ ಎಂದು ನಮ್ಮ ಕಡೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಗೆ, ವಿಶ್ವೇಶ್ವರಯ್ಯ ನಾಲೆಗೆ ಸುಮಾರು ಸಾವಿರ ವರ್ಷ ಮೊದಲೇ ಇಲ್ಲಿ ಕೆರೆ ನೀರಿನ ಬೇಸಾಯವಿತ್ತು, ಆ ಕೆರೆಯನ್ನು ಹಿರಿಯದೆನ್ನಲು ಹೋಲಿಕೆಗೊಂದು ಚಿಕ್ಕದೂ ಇದ್ದಿರಬೇಕು.

ಅಲ್ಲಿಂದ ಮುಂದೆ ಗೊರವ, ಎಂದರೆ ಶೈವ ಪೂಜಾರಿ, ಬರುತ್ತಾನೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುತ್ತಾನಂತೆ. ಅವನ ಹೆಸರಿಲ್ಲ, ಕುಲವಿಲ್ಲ. ಆದರೂ ಅವನ ದಿನಚರಿ ಎದ್ದು ನಿಲ್ಲುತ್ತದೆ. ಮೊದಲು ಈಶ್ವರ, ಆಮೇಲೆ ಬಾಗಿಲ ಮುಂದಿನ ನಾಯಿಕಲ್ಲು, ಆಮೇಲೆ ಊಟ. ಶಿವನ ಪೂಜೆಗೆ ಬಂದವನು ನಾಯಿಗೂ ಹೂವಿಡಬೇಕಾಯಿತು. ಅವನು ತಪ್ಪಿಸಿಯಾನು ಎಂಬ ಅನುಮಾನ ಕಲ್ಲು ನಿಲ್ಲಿಸಿದವರಿಗೆ ಆ ದಿನವೇ ಇತ್ತು. ಇಲ್ಲದಿದ್ದರೆ ಉಣ್ಣುವ ಹೊತ್ತಿಗೇ ಆಣೆ ಹಾಕುತ್ತಿರಲಿಲ್ಲ.

ಕೆರೆಯ ಕೆಳಗಿನ ಆ ದತ್ತಿ ಭೂಮಿಯನ್ನು ಕೆಡಿಸಿದವರಿಗೂ ಅದೇ ಪಾಪ. ಯಾರ ಮೇಲೆ ಆ ಶಂಕೆ ಎಂಬುದನ್ನೂ ಶಾಸನ ಹೇಳಿಬಿಡುತ್ತದೆ. ನಾಡಾಳುವವನಿದ್ದಾನೆ, ಊರಾಳುವವನಿದ್ದಾನೆ, ಅವರ ಜೊತೆಗೆ ಒಕ್ಕಲು. ದತ್ತಿಯನ್ನು ಕೆಡಿಸಬಲ್ಲವರ ಸಾಲಿನಲ್ಲಿ ಒಕ್ಕಲನ್ನು ಸೇರಿಸಬೇಕಾದರೆ, ಆ ಗದ್ದೆಯ ಮೇಲೆ ಅವನಿಗೆ ಎಷ್ಟು ಹಿಡಿತವಿದ್ದಿರಬೇಕು! ಹತ್ತನೆಯ ಶತಮಾನದ ಮದ್ದೂರು ಸೀಮೆಯ ರೈತನ ಬಗ್ಗೆ ತಕ್ಕೋಲದ ಚರ್ಚೆಯಲ್ಲಿ ಇಷ್ಟು ಸಿಕ್ಕಿದ್ದನ್ನು ನಾನು ಕಂಡಿಲ್ಲ.