ದೋಣಿ ಬಿಡದ ದಿನಗಳು

ಮುಂಗಾರು ಬಿರುಸಾಯಿತೆಂದರೆ ತುಂಗಭದ್ರೆಯ ದಡದ ಊರುಗಳಲ್ಲಿ ಒಂದೇ ಎಚ್ಚರಿಕೆ: ಹೊಳೆಗೆ ಇಳಿಯಬೇಡಿ. ಗುತ್ತೂರು, ಹರಿಹರದಿಂದ ಉಕ್ಕಡಗಾತ್ರಿಯವರೆಗೆ ಆ ಮಾತಿಗೆ ಅರ್ಥವಿದೆ. ತುಂಗಾ ಜಲಾಶಯ ಹಿಡಿದಿಡುವುದು 3.24 ಟಿಎಂಸಿ ಅಡಿ ಮಾತ್ರ. ಮಲೆನಾಡಿನಲ್ಲಿ ನಾಲ್ಕು ದಿನ ಮಳೆ ಹಿಡಿದರೆ ಗಾಜನೂರಿನಲ್ಲಿರುವ ಅದರ ಗೇಟು ಎತ್ತಲೇಬೇಕು. 71.5 ಟಿಎಂಸಿ ಅಡಿಯ ಭದ್ರಾ ಇನ್ನೂ ಅರ್ಧ ತುಂಬಿರುವಾಗಲೇ ಹರಿಹರದ ಸೇತುವೆಯ ಕೆಳಗೆ ಕೆಂಪು ನೀರು ಏರಿರುತ್ತದೆ. ಆದರೆ ನೀರು ತಿಳಿಯಾದ ಕೂಡಲೇ ಎಚ್ಚರಿಕೆಯೂ ಮುಗಿಯುತ್ತದೆ. ವರ್ಷದ ಉಳಿದ ತಿಂಗಳು ಹೊಳೆ, ಕೆರೆಗಳು ನಿರಪಾಯ ಎಂಬ ನಂಬಿಕೆ ಹಾಗೇ ಉಳಿದುಬಿಡುತ್ತದೆ. ನಮ್ಮ ಬೋಟಿಂಗ್ ಪದ್ಧತಿಯ ಮೊದಲ ದೋಷ ಈ ನಂಬಿಕೆ.

ನಡೆದ ದುರಂತಗಳ ದಿನಾಂಕಗಳನ್ನು ನೋಡಿದರೆ ಸಾಕು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿ ಸರೋವರದಲ್ಲಿ ಪ್ರವಾಸಿಗರ ಬೋಟು ಮಗುಚಿ 45 ಜನ ಸತ್ತರು. 2016ರ ಸೆಪ್ಟೆಂಬರ್ 7ರಂದು ಶಿವಮೊಗ್ಗ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಗಣಪತಿ ಬಿಡಲು ಹೋದ ತೆಪ್ಪ ಮುಳುಗಿ 12 ಮಂದಿ ಹೋದರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಸಮುದ್ರದಲ್ಲಿ ಮಗುಚಿ 16 ಜನ, 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ 22 ಜನ ಪ್ರಾಣ ಕಳೆದುಕೊಂಡರು. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ನೀರುಪಾಲಾದರು. ಈ ಐದರಲ್ಲಿ ಒಂದೂ ಜೂನ್, ಜುಲೈಯ ಹುಚ್ಚುಹೊಳೆಯಲ್ಲಿ ನಡೆದದ್ದಲ್ಲ. ಎಲ್ಲವೂ ಹಬ್ಬ, ಜಾತ್ರೆ, ರಜೆ, ಪ್ರವಾಸದ ದಿನಗಳು. ಜನ ಸಂತೋಷದಿಂದ ಬಂದ ದಿನ, ದಡದಲ್ಲಿ ನಿಂತು ‘ಇವತ್ತು ಬೇಡ’ ಎನ್ನುವುದು ಅತ್ಯಂತ ಕಷ್ಟವಾಗುವ ದಿನ.

ನೀರಿನ ಮೇಲಿನ ಸುರಕ್ಷತೆಯನ್ನು ಅಳೆಯಬೇಕಾದದ್ದು ಇಲ್ಲಿಯೇ. ಎಷ್ಟು ಜಾಕೆಟ್ ಇವೆ, ಎಷ್ಟು ಫಲಕ ನಿಲ್ಲಿಸಿದ್ದಾರೆ ಎಂಬುದು ಆಮೇಲಿನ ಮಾತು. ದೋಣಿ ಬಿಡಬಾರದು ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ?

ಹಳೆಯ ಪದ್ಧತಿಯಲ್ಲಿ ಅದು ಅಂಬಿಗನ ಕೈಯಲ್ಲಿತ್ತು. ಹರಿಹರದಿಂದ ಹೊಳೆಯ ಜೊತೆಗೆ ಕೆಳಗೆ ಸಾಗಿದರೆ ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ಸಿಗುತ್ತದೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ದೋಣಿ ನಡೆಸುವುದನ್ನೇ ಕಸುಬಾಗಿಸಿಕೊಂಡ ಗಂಗಾಮತಸ್ಥರ ಕುಟುಂಬಗಳು ಈ ದಡಗಳಲ್ಲಿ ತಲೆಮಾರುಗಳಿಂದ ಇವೆ. ಅವರ ಹರಿಗೋಲನ್ನು ಈಗಿನವರು ಪ್ರವಾಸಿ ಆಟಿಕೆಯಂತೆ ನೋಡುತ್ತಾರೆ. ಅದು ಹಾಗೆ ತಳ್ಳಿಹಾಕುವ ವಸ್ತುವಲ್ಲ. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಇದೇ ತುಂಗಭದ್ರೆಯನ್ನು ಜನ ಬುಟ್ಟಿಯಾಕಾರದ, ಚರ್ಮ ಹೊದಿಸಿದ ದೋಣಿಗಳಲ್ಲಿ ದಾಟುತ್ತಿದ್ದುದನ್ನು ಬರೆದಿದ್ದಾನೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು ಬಂದಿದೆ. ಬಿದಿರಿನ ಹೆಣಿಗೆ ಬದಲಾಗಿಲ್ಲ.

ಬಂಡೆ ತುಂಬಿದ ಹೊಳೆಗೆ ಹರಿಗೋಲು ಹೇಳಿ ಮಾಡಿಸಿದ ದೋಣಿ. ಗೇಣು ನೀರಿದ್ದರೂ ತೇಲುತ್ತದೆ, ಕಲ್ಲಿಗೆ ತಗುಲಿದರೆ ಬಿದಿರು ಬಾಗುತ್ತದೆ, ಮುರಿಯುವುದಿಲ್ಲ. ಒಬ್ಬನೇ ತಲೆಯ ಮೇಲೆ ಹೊತ್ತು ಒಯ್ಯಬಹುದು. ಅಂಬಿಗ ಮುಖವನ್ನು ಹೋಗುವ ದಿಕ್ಕಿಗೇ ಇಟ್ಟು ಹುಟ್ಟು ಹಾಕುತ್ತಾನೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ರೋಯಿಂಗ್ ಪಟುಗಳು ಅಭ್ಯಾಸ ಮಾಡುವ ಸಪೂರ ದೋಣಿಯಲ್ಲಿ ಕೂತವರು ಹೋಗುವ ದಿಕ್ಕಿಗೆ ಬೆನ್ನು ಹಾಕಿರುತ್ತಾರೆ, ಆಗಾಗ ತಿರುಗಿ ನೋಡುವುದೇ ಅವರ ಮೊದಲ ಸುರಕ್ಷತಾ ಪಾಠ. ಹರಿಗೋಲಿನವನಿಗೆ ಆ ತೊಂದರೆ ಇಲ್ಲ.

ದೋಷಗಳೂ ಅಷ್ಟೇ ಸ್ಪಷ್ಟ. ತಳದಲ್ಲಿ ಏಣು ಇಲ್ಲದ್ದರಿಂದ ಗಾಳಿ ಎತ್ತ ತಳ್ಳಿದರೆ ಅತ್ತ ಹೋಗುತ್ತದೆ. ಒಬ್ಬ ಎದ್ದು ನಿಂತರೆ ಸಾಕು, ಅಂಚು ನೀರಿಗೆ ಬಾಗುತ್ತದೆ. ನೀರು ತುಂಬಿದರೆ ಜನರ ಭಾರವನ್ನು ಹೊತ್ತು ತೇಲಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದಲೇ ‘ಕೂತ್ಕಳ್ರಿ, ಅಲ್ಲಾಡಬ್ಯಾಡ್ರಿ’ ಎಂಬ ಅಂಬಿಗನ ಗದರಿಕೆಯೂ ಆ ದೋಣಿಯ ಒಂದು ಭಾಗವೇ. ಅದನ್ನು ಕಳೆದರೆ ಉಳಿಯುವುದು ಬರೀ ಬುಟ್ಟಿ. ಪ್ರವಾಸಿಗರನ್ನು ರಂಜಿಸಲು ನಡುನೀರಿನಲ್ಲಿ ಹರಿಗೋಲನ್ನು ಗರಗರ ತಿರುಗಿಸುವ ಆಟ ಹಂಪಿ ಕಡೆ, ಹೊಗೇನಕಲ್ ಕಡೆ ಬೆಳೆದಿದೆ. ಕಸುಬಿನ ಶಿಸ್ತನ್ನು ಟಿಕೆಟ್ಟಿನ ಆಸೆಗೆ ಬಿಟ್ಟುಕೊಟ್ಟ ಈ ಆಟವನ್ನು ಕೌಶಲವೆಂದು ಹೊಗಳಲಾಗದು.

ಹೊಳೆಯಿಂದ ಕೆರೆಗೆ ಬಂದರೆ ಅಪಾಯದ ಸ್ವರೂಪವೇ ಬೇರೆ. ದಾವಣಗೆರೆ ಜಿಲ್ಲೆಯಲ್ಲಿ ಅದನ್ನು ಕಲಿಯಲು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗಿಂತ, ಅಂದರೆ ಶಾಂತಿಸಾಗರಕ್ಕಿಂತ, ದೊಡ್ಡ ಶಾಲೆ ಇಲ್ಲ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು ಸುಮಾರು 2,650 ಹೆಕ್ಟೇರ್ ಹರಡಿದೆ, ಉದ್ದ ಎಂಟು ಕಿಲೋಮೀಟರಿಗೂ ಹೆಚ್ಚು. ಇದರ ನೀರು ಹೊತ್ತ ಹರಿದ್ರಾ ಹಳ್ಳ ಹರಿಹರದ ಬಳಿ ತುಂಗಭದ್ರೆ ಸೇರುತ್ತದೆ, ಹಾಗಾಗಿ ಗುತ್ತೂರಿನವರಿಗೆ ಇದು ದೂರದ ಕೆರೆಯೇನಲ್ಲ.

ಎಂಟು ಕಿಲೋಮೀಟರ್ ತಡೆಯಿಲ್ಲದೆ ನೀರಿನ ಮೇಲೆ ಬೀಸಿದ ಗಾಳಿ ಸಮುದ್ರದಂಥ ಅಲೆ ಎಬ್ಬಿಸದಿದ್ದರೂ, ಅಂಚು ಗಿಡ್ಡದಾದ ದೋಣಿಗೆ ನೀರು ತುಂಬಲು ಬೇಕಾದಷ್ಟು ಎಬ್ಬಿಸುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಯಲುಸೀಮೆಯಲ್ಲಿ ಮಳೆ ಕಡಿಮೆ, ಪಶ್ಚಿಮದ ಗಾಳಿ ಜೋರು. ಮಳೆಯಿಲ್ಲದ ದಿನವೆಂದು ದೋಣಿ ಬಿಟ್ಟವರು ಗಾಳಿಯ ಲೆಕ್ಕ ಮರೆತಿರುತ್ತಾರೆ. ಹೋಗುವಾಗ ಗಾಳಿಯ ಜೊತೆಗೆ ಸುಲಭವಾಗಿ ತೇಲಿದ ದೋಣಿಯನ್ನು ಬರುವಾಗ ಗಾಳಿಗೆದುರಾಗಿ ತರುವಷ್ಟರಲ್ಲಿ ತೋಳು ಸೋಲುತ್ತದೆ. ಮೊದಲು ಗಾಳಿಗೆದುರಾಗಿ ಹೊರಡಬೇಕು, ದಣಿದ ಮೇಲೆ ಗಾಳಿಯೇ ದಡಕ್ಕೆ ತರುತ್ತದೆ. ಕೆರೆಯ ಮೀನುಗಾರರಿಗೆ ಇದು ಗೊತ್ತು, ಬೋಟಿಂಗ್ ಗುತ್ತಿಗೆದಾರರ ನಿಯಮಗಳಲ್ಲಿ ಇದು ಕಾಣುವುದು ಅಪರೂಪ.

ಏಪ್ರಿಲ್, ಮೇ ಇನ್ನೂ ಮೋಸದ ಕಾಲ. ರಜೆ, ಬಿಸಿಲು, ಕನ್ನಡಿಯಂಥ ನೀರು. ಮಧ್ಯಾಹ್ನ ಮೂರು ಕಳೆದ ಮೇಲೆ ಮೋಡ ಕಟ್ಟಿ, ಧೂಳಿನ ಗಾಳಿ ಎದ್ದು, ಅದರ ಹಿಂದೆಯೇ ಗುಡುಗು ಸಿಡಿಲು. ನಡುಕೆರೆಯಲ್ಲಿ ದೋಣಿಯ ಮೇಲೆ ಕೂತ ಮನುಷ್ಯನೇ ಸುತ್ತಲಿನ ಎಲ್ಲಕ್ಕಿಂತ ಎತ್ತರದ ವಸ್ತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮತ್ತು ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಈ ವಿಷಯದಲ್ಲಿ ನಿಜವಾಗಿ ಉಪಯುಕ್ತ. ಟಿಕೆಟ್ ಕೊಡುವ ಮೇಜಿನ ಮೇಲೆ ಅವು ತೆರೆದಿರಬೇಕು. ಇದೇ ಕಾಲದಲ್ಲಿ ನೀರು ಇಳಿದು ಕೆರೆಯಂಗಳದ ಜಾಲಿಮರಗಳ ಮೋಟು ನೀರಿನಡಿಯಲ್ಲಿ ಕಾದಿರುತ್ತದೆ. ದಡದ ಹತ್ತಿರ ಬಿದ್ದವರಿಗೆ ಆಳಕ್ಕಿಂತ ಹೂಳೇ ಶತ್ರು, ಕಾಲು ಕಿತ್ತಷ್ಟೂ ಒಳಗೆ ಹೋಗುತ್ತದೆ.

ಕೆರೆ ತುಂಬಿದಾಗ ಕೋಡಿಯ ಸೆಳೆತ, ತೂಬಿನ ಸೆಳೆತ. ಮೇಲೆ ನೀರು ನಿಂತಂತೆ ಕಂಡರೂ ತೂಬು ತೆರೆದಿದ್ದರೆ ಒಳಗೆ ಎಳೆತ ಇರುತ್ತದೆ. ನಾಲೆಗೆ ನೀರು ಬಿಟ್ಟ ದಿನ ದೋಣಿ ನಡೆಸುವವನಿಗೆ ಆ ಸುದ್ದಿ ತಲುಪುವ ದಾರಿ ಇರಲೇಬೇಕು. ಚಳಿಗಾಲದ್ದು ಬೆಳಗಿನ ಮಂಜು, ಎರಡು ಗಂಟೆ ಕಾದರೆ ಕರಗುತ್ತದೆ. ಬ್ರಿಟನ್‌ನಂಥ ದೇಶಗಳ ರೋಯಿಂಗ್ ಕ್ಲಬ್‌ಗಳು ಚಳಿಗಾಲದ ತಣ್ಣೀರಿಗೆ ಹೆದರುತ್ತವೆ. ಹತ್ತು ಡಿಗ್ರಿಯ ನೀರಿಗೆ ಬಿದ್ದವನ ಉಸಿರು ಒಮ್ಮೆಲೇ ಏದುಸಿರಾಗಿ ನೀರು ಒಳಗೆ ಹೋಗುತ್ತದೆ. ನಮ್ಮ ಕೆರೆಗಳಿಗೆ ಆ ಭಯ ಬೇಡ. ಆದರೆ ಅವರ ಇನ್ನೊಂದು ನಿಯಮ ಇಲ್ಲಿಗೂ ಸಲ್ಲುತ್ತದೆ: ದೋಣಿ ಮಗುಚಿದರೂ ತೇಲುತ್ತಿದ್ದರೆ ಅದನ್ನು ಬಿಟ್ಟು ದಡಕ್ಕೆ ಈಜಬಾರದು. ದಡ ಕಣ್ಣಿಗೆ ಕಾಣುವುದಕ್ಕಿಂತ ದೂರ ಇರುತ್ತದೆ. ಉಟ್ಟ ಸೀರೆ, ತೊಟ್ಟ ಜೀನ್ಸ್ ಕಾಲಿಗೆ ಸುತ್ತಿಕೊಳ್ಳುತ್ತವೆ. ಅಂತರಗಂಗೆ ಹಬ್ಬಿದ ಕೆರೆಯಲ್ಲಂತೂ ಒಳ್ಳೆಯ ಈಜುಗಾರನೂ ಸೋಲುತ್ತಾನೆ.

ಲೈಫ್ ಜಾಕೆಟ್ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ, ಅದು ಒಳ್ಳೆಯದು. ಅಂತರರಾಷ್ಟ್ರೀಯ ಮಾನದಂಡದಲ್ಲಿ 50 ನ್ಯೂಟನ್‌ನದು ಈಜು ಬಲ್ಲವರಿಗೆ ಆಸರೆ, 100 ನ್ಯೂಟನ್‌ನದು, ಅಂದರೆ ಸುಮಾರು ಹತ್ತು ಕಿಲೋ ಎತ್ತುವಂಥದ್ದು, ಈಜು ಬಾರದವರಿಗೂ ಆಗುವಂಥದ್ದು. ನಮ್ಮ ಬೋಟಿಂಗ್ ತಾಣಗಳಲ್ಲಿ ಈ ವ್ಯತ್ಯಾಸ ಕೇಳುವವರು ವಿರಳ. ದೊಡ್ಡವರ ಜಾಕೆಟ್ಟನ್ನು ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇರುತ್ತದೆ, ಮಗು ಕೆಳಗೆ ಜಾರುತ್ತದೆ. ಹಿಂದೆ ಹಳ್ಳಿಯ ತಂದೆತಾಯಿ ಬಾವಿಗೆ ಇಳಿಸುವ ಮುನ್ನ ಮಗುವಿನ ಬೆನ್ನಿಗೆ ಬೆಂಡು ಕಟ್ಟಿ, ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡುತ್ತಿದ್ದರು. ಆ ಎಳೆದು ನೋಡುವ ಕೈ ಈಗಿನ ಕೌಂಟರುಗಳಲ್ಲಿ ಬೇಕು. ಹರ್ಣಿ ಕೆರೆಯಲ್ಲಿ 14 ಜನರ ದೋಣಿಗೆ ಅದರ ಸುಮಾರು ಎರಡು ಪಟ್ಟು ಜನರನ್ನು ಹತ್ತಿಸಿದ್ದರು, ಬಹುಪಾಲು ಮಕ್ಕಳಿಗೆ ಜಾಕೆಟ್ಟೇ ಇರಲಿಲ್ಲ. ತೇಕ್ಕಡಿಯಲ್ಲಿ ಕಾಡುಪ್ರಾಣಿ ನೋಡಲು ಜನ ಒಂದೇ ಬದಿಗೆ ನುಗ್ಗಿದಾಗ ಬೋಟು ವಾಲಿತು. ಕೂರಿಸಿ, ಗದರಿಸಿ, ತಡೆಯುವವನ ಮಾತಿಗೆ ಬೆಲೆ ಇರದ ಕಡೆ ಜಾಕೆಟ್ಟಿನ ರಾಶಿ ದಡದಲ್ಲೇ ಉಳಿಯುತ್ತದೆ.

ಕಾನೂನಿನಲ್ಲಿ ಜಾಗವಿದೆ. 1917ರ ಹಳೆಯ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗು ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಲೆಕ್ಕಕ್ಕೆ ತಂದಿದೆ, ಅವುಗಳ ದಾಖಲಾತಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಪಾತ್ರ ಕೊಟ್ಟಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿದೆ. ಹೊಳೆದಂಡೆಯ ಸ್ಥಳೀಯ ಆಡಳಿತ ತನ್ನ ವ್ಯಾಪ್ತಿಯ ಪ್ರತಿ ಹರಿಗೋಲಿಗೆ ನಂಬರು ಬರೆದು, ಎಷ್ಟು ಜನ ಎಂಬುದನ್ನು ಅದರ ಅಂಚಿನ ಮೇಲೆ ಬಣ್ಣದಲ್ಲಿ ದಪ್ಪಕ್ಷರದಲ್ಲಿ ಬರೆಸುವುದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಅದಕ್ಕಿಂತ ಮುಖ್ಯ, ಗುತ್ತಿಗೆ ಕರಾರಿನಲ್ಲಿ ಒಂದು ಸಾಲು ಸೇರಬೇಕು: ನಡೆಸುವವನು ಬೇಡವೆಂದ ದಿನ ದೋಣಿ ಹೊರಡಬಾರದು, ಆ ದಿನದ ಕೂಲಿಯೂ ಅವನಿಗೆ ಸಿಗಬೇಕು. ಕೂಲಿ ಹೋಗುತ್ತದೆಂಬ ಭಯ ಇರುವವರೆಗೂ ಅವನು ಬೇಡವೆನ್ನಲಾರ.

ನೀರಿನಿಂದ ಎತ್ತಿದ ಮೇಲಿನ ಹತ್ತು ನಿಮಿಷ ನಮ್ಮಲ್ಲಿ ಇನ್ನೂ ಮೂಢನಂಬಿಕೆಯ ವಶದಲ್ಲಿದೆ. ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತುವುದು, ಉಪ್ಪಿನ ರಾಶಿಯಲ್ಲಿ ಹೂಳುವುದು, ಇವೆಲ್ಲ ಬದುಕಬಹುದಾದವರ ಸಮಯ ತಿನ್ನುತ್ತವೆ. ಉಸಿರು ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ನಂತರ ಎದೆ ಒತ್ತಬೇಕು, ಜೊತೆಯಲ್ಲಿರುವವರು 108ಕ್ಕೆ ಕರೆ ಮಾಡಬೇಕು. ದಾವಣಗೆರೆ ಜಿಲ್ಲೆಯ ಕೊಂಡಜ್ಜಿ ಕೆರೆಯ ಪಕ್ಕದಲ್ಲೇ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ಕೇಂದ್ರವಿದೆ. ಜಿಲ್ಲೆಯ ಅಂಬಿಗರು, ಮೀನುಗಾರರು, ಬೋಟಿಂಗ್ ಸಿಬ್ಬಂದಿಗೆ ಈ ತರಬೇತಿ ಕೊಡಲು ಅದಕ್ಕಿಂತ ಹತ್ತಿರದ ಜಾಗ ಹುಡುಕಬೇಕಿಲ್ಲ. ಗಣಪತಿ ಹಬ್ಬಕ್ಕೆ ಒಂದು ತಿಂಗಳ ಮುಂಚೆ ಅದು ನಡೆಯಲಿ. ಹಾಡೋನಹಳ್ಳಿಯಂತೆ ವಿಸರ್ಜನೆಗೆ ಊರ ಹುಡುಗರೆಲ್ಲ ಒಂದೇ ತೆಪ್ಪ ಹತ್ತುವ ಪದ್ಧತಿಯನ್ನು ಹೊಳೆಸಾಲಿನ ಹಳ್ಳಿಗಳು ಆಗಲೇ ಕೂತು ಚರ್ಚಿಸಲಿ. ಮೂರ್ತಿಯ ಜೊತೆ ಈಜು ಬಲ್ಲ, ಜಾಕೆಟ್ ತೊಟ್ಟ ಇಬ್ಬರು ಸಾಕು, ಉಳಿದವರು ದಡದಲ್ಲಿ ನಿಂತು ಜಯಕಾರ ಹಾಕಬಹುದು.