ಆವ್ರೋ ಸಿಳ್ಳೆ ನಿಲ್ಲುವ ಮುನ್ನ

ಬೆಂಗಳೂರಿನ ಯಲಹಂಕ ವಾಯುನೆಲೆಯ ಆಸುಪಾಸಿನಲ್ಲಿ ಬೆಳೆದವರಿಗೆ ಆವ್ರೋ ವಿಮಾನ ಬಂತೆಂದು ತಿಳಿಯಲು ತಲೆ ಎತ್ತಿ ನೋಡಬೇಕಾಗಿರಲಿಲ್ಲ. ಎಎನ್-32 ಬಂದರೆ ಕಿಟಕಿ ಗಾಜು ಅದುರುತ್ತದೆ. ಡಾರ್ನಿಯರ್ ಗುಂಯ್‌ಗುಡುತ್ತ ಹಾದುಹೋಗುತ್ತದೆ. ಆವ್ರೋದ್ದು ಮಾತ್ರ ಸಿಳ್ಳೆ. ಸಣ್ಣಗೆ ಶುರುವಾಗಿ, ಹತ್ತಿರ ಬಂದಂತೆಲ್ಲ ತಾರಕಕ್ಕೇರಿ, ತಲೆಯ ಮೇಲೆ ಹಾದುಹೋದ ಮೇಲೂ ಒಂದಷ್ಟು ಹೊತ್ತು ಗಾಳಿಯಲ್ಲಿ ಉಳಿಯುವ ಸಿಳ್ಳೆ. ವಿಮಾನ ನೋಡುವ ಗೀಳು ನನಗೆ ಹತ್ತಿದ್ದೇ ಈ ಸದ್ದಿನಿಂದ. ಈ ವಾರದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಈಗಲೇ ಬರೆಯಲು ಕಾರಣವಿದೆ. ವಾಯುಪಡೆಯ ಆವ್ರೋಗಳು ಒಂದೊಂದಾಗಿ ಸೇವೆಯಿಂದ ಹಿಂದೆ ಸರಿಯುತ್ತಿವೆ. ಅವುಗಳ ಜಾಗಕ್ಕೆ 56 ಸಿ-295 ವಿಮಾನಗಳನ್ನು ಕೊಳ್ಳಲು 2021ರ ಸೆಪ್ಟೆಂಬರ್‌ನಲ್ಲಿ ಏರ್‌ಬಸ್ ಜೊತೆ ಒಪ್ಪಂದವಾಯಿತು. 16 ವಿಮಾನಗಳನ್ನು ಸ್ಪೇನಿನ ಸೆವಿಲ್‌ನಿಂದ ಹಾರಿಸಿಕೊಂಡು ಬರುವುದು, ಉಳಿದ 40ನ್ನು ವಡೋದರದ ಟಾಟಾ ಕಾರ್ಖಾನೆಯಲ್ಲಿ ಕಟ್ಟುವುದು ಎಂದು ತೀರ್ಮಾನ. ಮೊದಲನೆಯದು 2023ರ ಸೆಪ್ಟೆಂಬರ್‌ನಲ್ಲಿ ವಡೋದರದ 11ನೇ ಸ್ಕ್ವಾಡ್ರನ್ ಸೇರಿತು. ಅದಕ್ಕೂ ಮುಂಚೆ ಆ ಸ್ಕ್ವಾಡ್ರನ್ ಹಾರಿಸುತ್ತಿದ್ದದ್ದು ಆವ್ರೋಗಳನ್ನೇ.

ಮೊದಲು ಆ ಸಿಳ್ಳೆಯ ಗುಟ್ಟು ನೋಡೋಣ. ಆವ್ರೋದ ಎರಡು ರೆಕ್ಕೆಗಳ ಮೇಲೆ ಕೂತಿರುವುದು ರೋಲ್ಸ್‌ರಾಯ್ಸ್ ಕಂಪನಿಯ ಡಾರ್ಟ್ ಎಂಬ ಟರ್ಬೊಪ್ರಾಪ್ ಎಂಜಿನ್. ಮುಂದಿನ ಪ್ರೊಪೆಲರ್ ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗುತ್ತಿದ್ದರೆ, ಒಳಗಿನ ಎಂಜಿನ್ 15,000 ಸುತ್ತು ತಿರುಗುತ್ತಿರುತ್ತದೆ. ನಡುವಿನ ಗೇರುಗಳು ಆ ವೇಗವನ್ನು ತಗ್ಗಿಸಿ ಪ್ರೊಪೆಲರ್‌ಗೆ ದಾಟಿಸುತ್ತವೆ. ಇಂದಿನ ದೊಡ್ಡ ಜೆಟ್ ಎಂಜಿನ್‌ಗಳಲ್ಲಿ ಸಾಲುಸಾಲು ಅಲಗುಗಳು ಗಾಳಿಯನ್ನು ನೇರವಾಗಿ ಹಿಂದಕ್ಕೆ ಒತ್ತುತ್ತ ಹೋಗುತ್ತವೆ. ಡಾರ್ಟ್ ಹಳೆಯ ತಲೆಮಾರಿನದು. ಅದರಲ್ಲಿ ದೊಡ್ಡ ಚಕ್ರದಂಥ ಎರಡು ಕಂಪ್ರೆಸರ್‌ಗಳು ಗಾಳಿಯನ್ನು ಹೊರಗಡೆಗೆ ಬೀಸಿ ಒತ್ತುತ್ತವೆ. ಆ ಚಕ್ರಗಳ ಕೂಗೇ ನಾವು ಕೇಳುವ ಸಿಳ್ಳೆ.

ಡಾರ್ಟ್ ಶುರುವಾಗುವುದನ್ನು ಹತ್ತಿರದಿಂದ ಕೇಳಿದವರಿಗೆ ಅದರ ರುಚಿ ಬಿಟ್ಟುಹೋಗುವುದಿಲ್ಲ. ಮೊದಲು ಸ್ಟಾರ್ಟರ್‌ನ ಕ್ಷೀಣವಾದ ಮೊರೆತ. ನಾಲ್ಕು ಅಲಗಿನ ಪ್ರೊಪೆಲರ್ ಎಣಿಸಬಹುದಾದಷ್ಟು ನಿಧಾನವಾಗಿ ಅಲುಗುತ್ತದೆ. ಒಳಗೆ ಬೆಂಕಿ ಹತ್ತಿಕೊಂಡ ಗಳಿಗೆಯಲ್ಲಿ ಒಂದು ಗೊರಗೊರ ಸದ್ದು, ಹಿಂದಿನಿಂದ ಸೀಮೆಎಣ್ಣೆಯ ಘಾಟು. ಅಲಗುಗಳು ಕಣ್ಣಿಗೆ ಕಾಣದಂತೆ ಕಲಸಿಹೋಗುವಷ್ಟರಲ್ಲಿ ಸಿಳ್ಳೆ ಏರುತ್ತ ಏರುತ್ತ ಹೋಗಿ ಒಂದು ಶ್ರುತಿಯಲ್ಲಿ ನಿಲ್ಲುತ್ತದೆ. ಅಷ್ಟಾದ ಮೇಲೆ ಪಕ್ಕದಲ್ಲಿದ್ದವರ ಮಾತು ಕೇಳುವುದಿಲ್ಲ, ಕೇಳಬೇಕೆಂದೂ ಅನಿಸುವುದಿಲ್ಲ. ಬಿಸಿಲೂರುಗಳಲ್ಲಿ, ಗಾಳಿ ತೆಳುವಾದ ಎತ್ತರದ ನೆಲೆಗಳಲ್ಲಿ ಮೇಲೇರುವಾಗ ಎಂಜಿನ್ನಿಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರಾವಣ ಸಿಂಪಡಿಸಿ ಕುಗ್ಗಿದ ಶಕ್ತಿಯನ್ನು ಮರಳಿ ಪಡೆಯುವ ಏರ್ಪಾಟೂ ಡಾರ್ಟ್‌ನಲ್ಲಿದೆ. ಭಾರತದಂಥ ದೇಶಕ್ಕೆ ಹೇಳಿ ಮಾಡಿಸಿದ ಅನುಕೂಲ ಅದು. ಈ ಎಂಜಿನ್ನುಗಳ ಕೆಲಸ ನಡೆದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿ ಎಂಬುದು ನಮಗೆ ಹೆಚ್ಚಿನ ಹೆಮ್ಮೆ.

ಆವ್ರೋ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1957ರಲ್ಲಿ ಬ್ರಿಟಿಷ್ ಸರ್ಕಾರ ಯುದ್ಧವಿಮಾನಗಳ ಯೋಜನೆಗಳಿಗೆ ಕತ್ತರಿ ಹಾಕಿತು. ಬಾಂಬರ್‌ಗಳಿಗೆ ಹೆಸರಾಗಿದ್ದ ಆವ್ರೋ ಕಂಪನಿ ನಾಗರಿಕ ವಿಮಾನದ ಕಡೆ ಹೊರಳಬೇಕಾಯಿತು. ಆಗ ಜಗತ್ತಿನ ಎಲ್ಲ ಸಣ್ಣ ಊರುಗಳಿಗೂ ಹೋಗುತ್ತಿದ್ದದ್ದು ಡಕೋಟ ವಿಮಾನ. ಅದಕ್ಕೆ ವಯಸ್ಸಾಗುತ್ತಿತ್ತು. ಡಕೋಟ ಇಳಿಯುವ ಕಡೆಯೆಲ್ಲ ಇಳಿಯಬಲ್ಲ, ಅದರಷ್ಟೇ ಗಟ್ಟಿಯಾದ ಹೊಸ ವಿಮಾನ ಬೇಕಿತ್ತು. ಹಾಗೆ ರೂಪುಗೊಂಡ ಆವ್ರೋ-748, 1960ರ ಜೂನ್ 24ರಂದು ವುಡ್‌ಫರ್ಡ್‌ನಲ್ಲಿ ಮೊದಲ ಬಾರಿಗೆ ಹಾರಿತು. ಹಾಕರ್ ಸಿಡ್ಲಿ ಕಂಪನಿಯ ಹೆಸರು ಸೇರಿ ಎಚ್‌ಎಸ್-748 ಆದದ್ದು ಆಮೇಲೆ. ನಮ್ಮವರ ಬಾಯಲ್ಲಿ ಮಾತ್ರ ಅದು ಯಾವತ್ತೂ ಆವ್ರೋ.

ಇಂಗ್ಲೆಂಡಿನಲ್ಲೇ ಇನ್ನೂ ಹಾರಿರದ ವಿಮಾನವನ್ನು ನಾವೇ ಕಟ್ಟುತ್ತೇವೆಂದು ಭಾರತ 1959ರಲ್ಲೇ ಒಪ್ಪಂದ ಮಾಡಿಕೊಂಡಿತ್ತು! ಈ ಧೈರ್ಯದ ಹಿಂದೆ ಇದ್ದವರು ಏರ್ ವೈಸ್ ಮಾರ್ಷಲ್ ಹರ್ಜಿಂದರ್ ಸಿಂಗ್. ವಾಯುಪಡೆ ಹುಟ್ಟಿದಾಗ ಹವಾಯಿ ಸಿಪಾಯಿ ಎಂಬ ತಳಮಟ್ಟದ ಹುದ್ದೆಗೆ ಸೇರಿ, ಸ್ಪ್ಯಾನರ್ ಹಿಡಿದು ಕೆಲಸ ಕಲಿತು, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದವರು ಅವರು. ಕಾನ್ಪುರದಲ್ಲಿ ವಾಯುಪಡೆಯೇ ಒಂದು ತಯಾರಿಕಾ ಡಿಪೊ ತೆರೆಯಿತು. ಬಿಡಿಭಾಗಗಳು ಇಂಗ್ಲೆಂಡಿನಿಂದ ಬಂದವು, ಕಟ್ಟಿದವರು ನಮ್ಮ ವಾಯುಪಡೆಯ ತಂತ್ರಜ್ಞರು. 1961ರ ನವೆಂಬರ್ 1ರಂದು ಕಾನ್ಪುರದ ಮೊದಲ ಆವ್ರೋ ಆಕಾಶಕ್ಕೇರಿತು. ಹಿಂದಿನ ವರ್ಷವಷ್ಟೇ ಟೋಕಿಯೊದಲ್ಲಿ ತೀರಿಕೊಂಡಿದ್ದ, ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರೊತೊ ಮುಖರ್ಜಿ ಅವರ ನೆನಪಿಗೆ ಅದಕ್ಕೆ ‘ಸುಬ್ರೊತೊ’ ಎಂದು ಹೆಸರಿಟ್ಟರು. 1964ರಲ್ಲಿ ಆ ಡಿಪೊ ಎಚ್‌ಎಎಲ್‌ನೊಳಗೆ ಸೇರಿತು. 1980ರ ದಶಕದ ನಡುವಿನ ತನಕ ಅಲ್ಲಿ ತಯಾರಾದ ಆವ್ರೋಗಳು ಒಟ್ಟು 89. ಅದರಲ್ಲಿ 72 ವಾಯುಪಡೆಗೆ, 17 ಇಂಡಿಯನ್ ಏರ್‌ಲೈನ್ಸ್‌ಗೆ.

ಇನ್ನು ಅದರ ರೂಪ. ಎದುರಿನಿಂದ ನೋಡಿದರೆ ಆವ್ರೋವನ್ನು ಇನ್ನೊಂದು ವಿಮಾನವೆಂದು ತಪ್ಪು ತಿಳಿಯಲು ಸಾಧ್ಯವೇ ಇಲ್ಲ. ರೆಕ್ಕೆ ಹೊಟ್ಟೆಯ ಕೆಳಗಿದೆ. ಎಂಜಿನ್ ಮಾತ್ರ, ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡಂತೆ, ರೆಕ್ಕೆಯ ಮೇಲೆ ಎದ್ದು ಕೂತಿದೆ. ಕೆಳರೆಕ್ಕೆಯ ವಿಮಾನಕ್ಕೆ ದೊಡ್ಡ ಪ್ರೊಪೆಲರ್ ಇಟ್ಟರೆ ಅಲಗು ನೆಲಕ್ಕೆ ತಾಗದಂತೆ ಚಕ್ರದ ಕಾಲುಗಳನ್ನು ಉದ್ದ ಮಾಡಬೇಕು. ಉದ್ದ ಕಾಲು ಭಾರ, ಮುರಿಯುವ ಭಯವೂ ಹೆಚ್ಚು. ಆವ್ರೋದವರು ಎಂಜಿನ್ನನ್ನೇ ಮೇಲೇರಿಸಿ ಕಾಲನ್ನು ಗಿಡ್ಡವಾಗಿ, ಗಟ್ಟಿಯಾಗಿ ಇಟ್ಟರು. ಚೆಂದ ಹಾಳಾಯಿತು ಎಂದವರಿದ್ದಾರೆ. ನನ್ನ ಕಣ್ಣಿಗೆ ಅದೇ ಚೆಂದ. ಮೊಟ್ಟೆಯಾಕಾರದ ಕಿಟಕಿಗಳು, ತುದಿಯ ಕಡೆ ಮೇಲಕ್ಕೆ ಬಾಗಿದ ರೆಕ್ಕೆ, ನೆಟ್ಟಗೆ ನಿಂತ ಬಾಲ, ಎಲ್ಲೂ ಆಡಂಬರವಿಲ್ಲ.

ಗಟ್ಟಿತನಕ್ಕೆ ಇನ್ನೂ ಒಂದು ಕಾರಣವಿದೆ. ಕಾಮೆಟ್ ಜೆಟ್‌ಗಳು ಲೋಹ ದಣಿದು ಬಿರುಕುಬಿಟ್ಟು 1954ರಲ್ಲಿ ಬಿದ್ದ ಮೇಲೆ ವಿಮಾನ ವಿನ್ಯಾಸಕಾರರೆಲ್ಲ ಎಚ್ಚೆತ್ತಿದ್ದರು. ಒಂದು ಭಾಗ ಸೀಳಿದರೂ ಅದರ ಹೊರೆಯನ್ನು ಪಕ್ಕದ ಭಾಗ ಹೊರುವಂತೆ ಆವ್ರೋದ ಚೌಕಟ್ಟನ್ನು ರೂಪಿಸಿದರು. ಅರುವತ್ತರ ದಶಕದ ವಿಮಾನವೊಂದು ಇಪ್ಪತ್ತೊಂದನೇ ಶತಮಾನದಲ್ಲೂ ಹಾರುತ್ತಿದ್ದರೆ ಅದರ ಶ್ರೇಯಸ್ಸಿನಲ್ಲಿ ಅರ್ಧ ಈ ಆಲೋಚನೆಗೆ, ಇನ್ನರ್ಧ ಅದನ್ನು ತೊಳೆದು, ಬಿಚ್ಚಿ, ಜೋಡಿಸಿದ ನಮ್ಮ ತಂತ್ರಜ್ಞರ ಕೈಗಳಿಗೆ ಸಲ್ಲಬೇಕು.

ಕನ್ನಡಿಗರಲ್ಲಿ ಹಲವರು ಇದನ್ನು ಸೈನ್ಯದ ವಿಮಾನವಾಗಿ ಕಂಡವರಲ್ಲ, ಟಿಕೆಟ್ ತೆಗೆದು ಹತ್ತಿದವರು. ಇಂಡಿಯನ್ ಏರ್‌ಲೈನ್ಸ್ ಆವ್ರೋದ ಕಿಟಕಿ ಪಕ್ಕ ಕೂತರೆ ಎಂಜಿನ್ನಿನ ಗೂಡು ಕಣ್ಣಿನ ಮಟ್ಟಕ್ಕೇ ಇರುತ್ತಿತ್ತು. ರಾಜೀವ್ ಗಾಂಧಿ ಪೈಲಟ್ ಆಗಿದ್ದ ದಿನಗಳಲ್ಲಿ ಹಾರಿಸಿದ ವಿಮಾನಗಳಲ್ಲಿ ಆವ್ರೋ ಕೂಡ ಒಂದು. ಮಂಗಳೂರಿನ ಹಿರಿಯರು ಈ ವಿಮಾನವನ್ನು ಬೇರೆ ಕಾರಣಕ್ಕೂ ನೆನೆಯುತ್ತಾರೆ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋವೊಂದು ಬಜ್ಪೆ ನಿಲ್ದಾಣದ ಒದ್ದೆ ರನ್‌ವೇಯಲ್ಲಿ ಇಳಿದು, ಅಂಚು ದಾಟಿ ಆಚೆ ಹೋಗಿ ನಿಂತಿತು. ಗುಡ್ಡದ ನೆತ್ತಿಯ ಆ ಹಳೆಯ ರನ್‌ವೇ ಇದ್ದದ್ದು 1,615 ಮೀಟರ್ ಮಾತ್ರ. ವಿಮಾನ ಮತ್ತೆ ಹಾರಲಾಗದಷ್ಟು ಜಖಂಗೊಂಡರೂ ಒಳಗಿದ್ದ ಒಬ್ಬರ ಪ್ರಾಣವೂ ಹೋಗಲಿಲ್ಲ. ಅಂದಿನ ಪ್ರಯಾಣಿಕರಲ್ಲಿ ಆಗ ರಾಜ್ಯದ ಮಂತ್ರಿಯಾಗಿದ್ದ ವೀರಪ್ಪ ಮೊಯಿಲಿ ಅವರೂ ಇದ್ದರು.

ಯಲಹಂಕದಲ್ಲಿ ಆವ್ರೋ ಮೇಷ್ಟರಾಗಿತ್ತು. ಹೈದರಾಬಾದ್ ಬಳಿಯ ವಾಯುಪಡೆ ಅಕಾಡೆಮಿಯಲ್ಲಿ ಹಾರಲು ಕಲಿತ ಹುಡುಗರು ಸಾಗಣೆ ವಿಮಾನದ ಪೈಲಟ್‌ಗಳಾಗಲು ಬರುತ್ತಿದ್ದದ್ದು ಇಲ್ಲಿಗೆ. ಇಳಿಯುವುದು, ಚಕ್ರ ನೆಲ ಮುಟ್ಟಿದ್ದೇ ಮತ್ತೆ ಏರುವುದು, ಸುತ್ತು ಹಾಕಿ ಮತ್ತೆ ಇಳಿಯುವುದು. ದೊಡ್ಡಬಳ್ಳಾಪುರ ರಸ್ತೆಯ ಬದಿಯಲ್ಲಿ ಸೈಕಲ್ ನಿಲ್ಲಿಸಿಕೊಂಡು ನಾವು ನೋಡುತ್ತಿದ್ದದ್ದು ಈ ಪಾಠವನ್ನು. ಚಕ್ರಗಳೆರಡೂ ಒಟ್ಟಿಗೆ ಮೆಲ್ಲಗೆ ತಾಗಿದರೆ ಕೈ ಪಳಗಿದೆ ಎಂದು ಅರ್ಥ. ಒಂದು ಪಕ್ಕ ಮೊದಲು ಬಡಿದು ವಿಮಾನ ಕುಪ್ಪಳಿಸಿತೋ, ಚಾಲಕ ಹೊಸಬ. ಪ್ರತಿ ಸಲ ಮೇಲೇರುವಾಗಲೂ ಅದೇ ಸಿಳ್ಳೆ, ಅದೇ ಶ್ರುತಿ.

ಆ ಯಲಹಂಕದಲ್ಲಿ ಸಾಗಣೆ ವಿಮಾನದ ತರಬೇತಿ ಪಡೆದವರಲ್ಲಿ ಹರಿತಾ ಕೌರ್ ದಿಯೋಲ್ ಒಬ್ಬರು. 1994ರ ಸೆಪ್ಟೆಂಬರ್ 2ರಂದು ಅವರು ಆವ್ರೋವನ್ನು ಸೋಲೊ ಹಾರಿಸಿದರು. ವಾಯುಪಡೆಯಲ್ಲಿ ಹೆಣ್ಣುಮಗಳೊಬ್ಬಳ ಮೊದಲ ಸೋಲೊ ಹಾರಾಟ ಅದು. ಆಗ ಅವರಿಗೆ 22 ವರ್ಷ. ಇವತ್ತು ಯುದ್ಧವಿಮಾನ ಹಾರಿಸುವ ಹೆಣ್ಣುಮಕ್ಕಳಿದ್ದಾರೆ. ಆ ದಾರಿ ತೆರೆದ ವಿಮಾನ ಯಾವುದೆಂದು ಕೇಳಿದರೆ ನಾನು ಆವ್ರೋ ಎನ್ನುತ್ತೇನೆ. ಹರಿತಾ ಹೆಚ್ಚು ಕಾಲ ಬದುಕಲಿಲ್ಲ. 1996ರ ಡಿಸೆಂಬರ್ 24ರಂದು ಆಂಧ್ರಪ್ರದೇಶದಲ್ಲಿ ಪತನಗೊಂಡ ಆವ್ರೋದಲ್ಲಿ 24 ಮಂದಿ ಸತ್ತರು. ಅವರಲ್ಲಿ ಆಕೆಯೂ ಇದ್ದರು.

ಪ್ರೀತಿಯಿಂದ ಬರೆಯುವಾಗ ಈ ಸಾವುಗಳನ್ನು ಬದಿಗಿಡುವುದು ಸರಿಯಲ್ಲ. 1991ರ ಮಾರ್ಚ್‌ನಲ್ಲಿ ಯಲಹಂಕದಲ್ಲೇ ಆವ್ರೋ ಬಿದ್ದು 28 ಮಂದಿ ಪ್ರಾಣ ಕಳೆದುಕೊಂಡರು. 1999ರ ಜನವರಿ 11ರದ್ದು ಬೆಂಗಳೂರಿನ ವಿಜ್ಞಾನ ಲೋಕವನ್ನೇ ನಡುಗಿಸಿದ ದುರಂತ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ ಆವ್ರೋದ ಬೆನ್ನ ಮೇಲೆ ತಟ್ಟೆಯಾಕಾರದ ದೊಡ್ಡ ರೇಡಾರ್ ಗುಮ್ಮಟ ಕೂರಿಸಿ, ಆಕಾಶದಿಂದ ಕಾವಲು ಕಾಯುವ ವಿಮಾನವನ್ನು ಸಿದ್ಧಪಡಿಸುತ್ತಿತ್ತು. ಅರಕ್ಕೋಣಂ ಬಳಿ ಇಳಿಯಲು ಬರುತ್ತಿದ್ದಾಗ ಆ ಗುಮ್ಮಟ ಕಳಚಿಕೊಂಡು ಬಾಲಕ್ಕೆ ಬಡಿಯಿತು. ವಿಜ್ಞಾನಿಗಳು, ವಾಯುಪಡೆಯವರು ಸೇರಿ ಎಂಟು ಮಂದಿ ಹೋದರು, ಯೋಜನೆಯೂ ನಿಂತಿತು. ಅದೇ ಪ್ರಯೋಗಾಲಯ ಮುಂದೆ ಅಂಥದ್ದೇ ಕಾವಲಿನ ‘ನೇತ್ರ’ ವಿಮಾನವನ್ನು ರೂಪಿಸಿ, 2017ರ ಏರೋ ಇಂಡಿಯಾ ಪ್ರದರ್ಶನದಲ್ಲಿ ಯಲಹಂಕದ ನೆಲದ ಮೇಲೇ ವಾಯುಪಡೆಗೆ ಒಪ್ಪಿಸಿತು. ನೇತ್ರ ಹಾರುವುದನ್ನು ನೋಡಿದಾಗಲೆಲ್ಲ ಆ ಎಂಟು ಮಂದಿ ನೆನಪಾಗುತ್ತಾರೆ.

ಸೈನ್ಯದ ಸಾಗಣೆಗೆ ಆವ್ರೋ ತಕ್ಕದ್ದಾಗಿತ್ತೇ? ಪೂರ್ತಿ ಅಲ್ಲ. ಮೂಲತಃ ಅದು ಪ್ರಯಾಣಿಕರ ವಿಮಾನ. ಹಿಂಬದಿ ತೆರೆದು ಇಳಿಜಾರು ಹಲಗೆಯಾಗುವ ಬಾಗಿಲು ಅದಕ್ಕಿಲ್ಲ. ಜೀಪು ಓಡಿಸಿಕೊಂಡು ನೇರ ಹೊಟ್ಟೆಯೊಳಗೆ ನುಗ್ಗುವಂತಿಲ್ಲ. ಆಮೇಲಿನ ಆವ್ರೋಗಳಿಗೆ ಪಕ್ಕದಲ್ಲಿ ದೊಡ್ಡ ಸರಕು ಬಾಗಿಲು ಕೊಟ್ಟರು, ಆದರೂ ಹಿಂದಿನ ಬಾಗಿಲಿಗೆ ಅದು ಸಮವಲ್ಲ. ಬ್ರಿಟಿಷ್ ವಾಯುಪಡೆ ತನಗಾಗಿ ಬಾಲವನ್ನೇ ಬದಲಿಸಿ, ಸರಕು ತುಂಬಲು ಹಿಂದಕ್ಕೆ ಬಗ್ಗಿ ಕೂರುವ ಚಕ್ರ ಕೊಟ್ಟು ಆಂಡೊವರ್ ಎಂಬ ಬೇರೆ ವಿಮಾನವನ್ನೇ ಮಾಡಿಸಿಕೊಂಡಿತು. ನಾವು ಇದ್ದದ್ದರಲ್ಲೇ ನಿಭಾಯಿಸಿದೆವು. ಗಣ್ಯರನ್ನು ಸಣ್ಣ ಊರುಗಳಿಗೆ ಕರೆದೊಯ್ಯಲು, ತರಬೇತಿಗೆ, ಜನ ಮತ್ತು ಹಗುರ ಸಾಮಾನು ಸಾಗಿಸಲು ಅದು ಧಾರಾಳವಾಗಿ ಸಾಕಾಯಿತು. ಸಿ-295ಕ್ಕೆ ಹಿಂಬದಿಯ ಬಾಗಿಲಿದೆ, 71 ಸೈನಿಕರನ್ನು ಹೊರುತ್ತದೆ, ಅರೆಬರೆ ಸಿದ್ಧವಾದ ನೆಲದಲ್ಲೂ ಇಳಿಯುತ್ತದೆ. ಅದು ಬಂದದ್ದು ಒಳ್ಳೆಯದೇ.

ನನ್ನ ಕೊರಗು ಬೇರೆ. ಕಾನ್ಪುರದಲ್ಲಿ 89 ವಿಮಾನ ಕಟ್ಟಿದ ಕೈಗಳಿಗೆ, ಇದರ ಮುಂದಿನದನ್ನು ನೀವೇ ರೂಪಿಸಿ ಎಂದು ನಾವು ಹೇಳಲಿಲ್ಲ. ಆವ್ರೋದ ಸಾಲು ನಿಂತ ಮೇಲೆ ಅಲ್ಲಿ ಜರ್ಮನಿಯ ವಿನ್ಯಾಸದ ಡಾರ್ನಿಯರ್ ಬಂತು. ಆವ್ರೋಗೆ ಬದಲಿ ಬೇಕೆಂದು 2013ರಲ್ಲಿ ಟೆಂಡರ್ ಕರೆದರೆ ಮುಂದೆ ಬಂದದ್ದು ಏರ್‌ಬಸ್-ಟಾಟಾ ಜೋಡಿ ಒಂದೇ. ಸಹಿ ಬೀಳಲು ಎಂಟು ವರ್ಷ ಹಿಡಿಯಿತು. ವಡೋದರದಲ್ಲಿ ಈಗ ಕಲಿಯುವ ಹುಡುಗ ಹುಡುಗಿಯರ ಕೈಕಸುಬು ನಲವತ್ತನೇ ವಿಮಾನದೊಂದಿಗೆ ಮುಗಿದುಹೋಗಬಾರದು.

ಕೊನೆಯದಾಗಿ ವಾಯುಪಡೆಗೂ ಎಚ್‌ಎಎಲ್‌ಗೂ ಒಂದು ವಿನಂತಿ. ಯಲಹಂಕಕ್ಕೆ ಒಂದು ಆವ್ರೋ ಉಳಿಸಿ ಕೊಡಿ. ಬಣ್ಣ ಬಳಿದು ಗೇಟಿನ ಮುಂದೆ ಕಂಬದ ಮೇಲೆ ಏರಿಸಬೇಡಿ. ಎರಡೂ ಡಾರ್ಟ್‌ಗಳು ತಿರುಗುವ ಸ್ಥಿತಿಯಲ್ಲಿ ನೆಲದ ಮೇಲೇ ಇಡಿ. ಹಾರದಿದ್ದರೂ ಅಡ್ಡಿಯಿಲ್ಲ, ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಹತ್ತು ನಿಮಿಷ ಚಾಲೂ ಮಾಡಿದರೆ ಸಾಕು, ಮಕ್ಕಳು ಕೇಳಲಿ. ಓದುಗರಿಗೂ ಒಂದು ಮಾತು: ಆವ್ರೋ ಹಾರಿಸಿದವರು, ದುರಸ್ತಿ ಮಾಡಿದವರು, ಅದರಲ್ಲಿ ಕೂತು ಹೋದವರು ನಿಮ್ಮ ಮನೆಯಲ್ಲಿದ್ದರೆ ಅವರ ನೆನಪುಗಳನ್ನು ಈಗಲೇ ಬರೆಸಿಕೊಳ್ಳಿ. ಹಳೆಯ ಫೋಟೊಗಳಿದ್ದರೆ ಬೆನ್ನಿನ ಮೇಲೆ ಊರು, ವರ್ಷ, ವಿಮಾನದ ನಂಬರು ಬರೆದಿಡಿ.