ಹಕ್ಕಿಯ ಜೊತೆಗೆ ಕೆಸರನ್ನೂ ನೋಡಬೇಕು

ಹೊನ್ನಾವರದ ಶರಾವತಿ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಹಲಗೆಯ ಕಾಲುದಾರಿಯಿದೆ. ಅಲ್ಲಿ ಬೈನಾಕ್ಯುಲರ್ ಹಿಡಿದು ನಿಂತವರನ್ನು ಕಂಡರೆ ನನಗೆ ಸಂತೋಷ. ಸಣ್ಣದಕ್ಕಾಗಿ ನಿಲ್ಲುವುದು ದೊಡ್ಡ ಅಭ್ಯಾಸ. ಆದರೆ ಹಕ್ಕಿಯ ಹೆಸರು ಸಿಕ್ಕೊಡನೆ ನೋಟ ಮುಗಿಯುತ್ತಿರುವುದು ಈ ಹವ್ಯಾಸದ ಕೊರತೆ.

ಹಕ್ಕಿ ನೋಡುವ ಸುಖಕ್ಕೆ ದಟ್ಟ ಕಾಡೇ ಬೇಕಿಲ್ಲ. ಬರೀ ಎಂಟು ಸೆಂಟಿಮೀಟರಿನ ಬದನಿಕೆ ಹಕ್ಕಿ ಹಿತ್ತಲ ಮಾವಿನ ಮರದಲ್ಲೇ ಸಿಗುತ್ತದೆ. ಬಂದಳಿಕೆಯ ಹಣ್ಣು ತಿಂದು, ಅಂಟುಬೀಜವನ್ನು ಕೊಂಬೆಗೆ ಒರೆಸುತ್ತದೆ. ಅಲ್ಲೇ ಹೊಸ ಬಂದಳಿಕೆ ಮೊಳೆಯುತ್ತದೆ. ಸಿಂಪಿಗ ಜೇಡರ ನೂಲು, ಹತ್ತಿಯ ಎಳೆಗಳಿಂದ ಎಲೆ ಹೊಲಿದು ಗೂಡು ಕಟ್ಟುತ್ತದೆ. ಇಂಥವನ್ನು ನೋಡಲು ಪದವಿ ಬೇಡ ಎಂಬ ಧೈರ್ಯವನ್ನು ಕನ್ನಡ ಓದುಗರಿಗೆ ಕೊಟ್ಟವರು ‘ಹಕ್ಕಿಪುಕ್ಕ’ ಬರೆದ ತೇಜಸ್ವಿ.

ಹಕ್ಕಿ ವೀಕ್ಷಕರ ಜಾಲತಾಣ ಇ-ಬರ್ಡ್‌ನಲ್ಲಿ ದಾಖಲಾಗುವ ಪಟ್ಟಿಗಳು ವಿಜ್ಞಾನಕ್ಕೆ ಬೇಕು, ನಿಜ. ಆದರೆ ಪಟ್ಟಿ ಬೆಳೆಸುವ ಆತುರದಲ್ಲಿ ಮೊಬೈಲಿನಲ್ಲಿ ಕೂಗು ನುಡಿಸಿ, ಗೂಡು ಕಟ್ಟುತ್ತಿರುವ ಹಕ್ಕಿಯನ್ನು ಹೊರಗೆಳೆಯುವುದು ತಪ್ಪು. ನಿನ್ನೆ ಕಂಡ ಹಕ್ಕಿಯನ್ನೇ ಇಂದೂ ನೋಡುವ ತಾಳ್ಮೆಯನ್ನು ಆ ಆತುರ ಕಸಿಯುತ್ತದೆ.

ಅಂಥ ತಾಳ್ಮೆಯಿಂದ, ಅಳಿವೆಯಲ್ಲಿ ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಕೆಸರನ್ನು ನೋಡಿ. ಮಳೆಗಾಲ ಕಳೆಯುತ್ತ ಹಿಮಾಲಯದಾಚೆಯಿಂದ ಬರುವ ಪುಟ್ಟ ಮರಳುಗೊರವಗಳು ಎರಡು ಹೆಜ್ಜೆ ಓಡಿ, ನಿಂತು, ಹುಳ ಹೆಕ್ಕುತ್ತವೆ. ಅವುಗಳ ಊಟ ಇರುವುದು ಆ ಕೆಸರಿನಲ್ಲಿ. ಕೆಸರಿನ ಜೀವ ಇರುವುದು ಉಪ್ಪು-ಸಿಹಿ ನೀರಿನ ಹದದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಹರಿದು ಶರಾವತಿ ಅಳಿವೆಯ ಉಪ್ಪು ತಗ್ಗಿತು, ಬಳಚು ಎಂಬ ಚಿಪ್ಪುಜೀವಿ ವಿರಳವಾಯಿತು. ಪಕ್ಕದ ಕುಮಟಾದ ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿ ಬಳಚು ಇಂದಿಗೂ ಎಷ್ಟೋ ಮನೆಗಳ ಅನ್ನ. 2024ರಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿ ರಾಮ್ಸಾರ್ ತಾಣವಾಯಿತು.

ಹೆಸರಿಗಷ್ಟೇ ಗುರುತು ಹಾಕುವವರಿಗೆ ಈ ಎರಡು ಅಳಿವೆಗಳ ಅಂತರ ತಿಳಿಯದು. ಕೆಸರಿಗಿಳಿದು ಬಳಚು ಹೆಕ್ಕುವ ಹೆಂಗಸರಿಗೆ ತಿಳಿದಿದೆ. ನೀರು ಯಾವಾಗ ಇಳಿಯುತ್ತದೆ, ಎಲ್ಲಿ ಕಾಲು ಹೂತುಹೋಗುತ್ತದೆ, ಎಲ್ಲಿ ಚಿಪ್ಪು ಸಿಗುತ್ತದೆ ಎಂಬುದು ಅವರ ದಿನದ ಪಾಠ. ಹಕ್ಕಿ ನಡಿಗೆಗಳಿಗೆ ಅವರನ್ನು ಗುರುಗಳಾಗಿ ಕರೆಯಬೇಕು. ಮಕ್ಕಳು ಒಂದೇ ಕೆಸರುಬಯಲನ್ನು ಉಬ್ಬರದಲ್ಲೂ ಇಳಿತದಲ್ಲೂ ನೋಡಬೇಕು.

ಹಕ್ಕಿ ವೀಕ್ಷಣೆ ನಮಗೆ ಹೆಸರು ಗುರುತಿಸಲು ಚೆನ್ನಾಗಿ ಕಲಿಸಿದೆ. ಇನ್ನು ಕಲಿಸಬೇಕಾದದ್ದು ಸಂಬಂಧ ಗುರುತಿಸುವುದನ್ನು. ಗೊರವವನ್ನು ಕಂಡು ಖುಷಿಪಟ್ಟವರು ಅದರ ಕೆಸರಿಗಾಗಿ ದನಿ ಎತ್ತಿದಾಗಲೇ ಆ ಖುಷಿಗೆ ಬೆಲೆ.